ಬೇಗಂಪೇಟೆಯಲ್ಲಿ ನಿಲ್ಲುವ ವ್ಯಾನು

ಪೆಟ್ರೋಲ್ ಮೂಸಿ ಗಾಡಿಯ ಜಾತಕ ಹೇಳುವ ಕಲ್ಲೇಶ ಎಂದು ನಾಚಾರಂನಲ್ಲಿ ನನಗೊಂದು ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನು ನಾನೇ. ಯಾವ ಗಾಡಿ ಬಂದರೂ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯುತ್ತೇನೆ, ಕಣ್ಣು ಮುಚ್ಚಿ ಮೂಗು ಒಡ್ಡುತ್ತೇನೆ, ಎರಡು ಸಲ ತಲೆ ಆಡಿಸುತ್ತೇನೆ. ಆಮೇಲೆ ಎಲ್ಲ ಮೆಕ್ಯಾನಿಕ್‌ಗಳು ಮಾಡುವುದನ್ನೇ ಮಾಡುತ್ತೇನೆ. ಮೂಸುವುದರಿಂದ ಏನೂ ತಿಳಿಯುವುದಿಲ್ಲ. ಗಿರಾಕಿಗೆ ಒಂದಿಷ್ಟು ಸಮಾಧಾನ, ನನಗೆ ಒಂದಿಷ್ಟು ಅಮಲು, ಅಷ್ಟೇ.

ಇಪ್ಪತ್ತಾರು ವರ್ಷಗಳಿಂದ ನನ್ನ ಶೆಡ್ಡು ಇಲ್ಲೇ ಇದೆ. ಒಂದು ಕಡೆ ಪ್ಲಾಸ್ಟಿಕ್ ಬಕೆಟ್ ಮಾಡುವ ಕಾರ್ಖಾನೆ, ಇನ್ನೊಂದು ಕಡೆ ಚಂದ್ರಕಾಂತನ ಮನೆ. ಅವನು ಸಿಂದಗಿ ಕಡೆಯವನು, ನಾನು ಮುದ್ದೇಬಿಹಾಳದವನು. ಬೀದಿಯಲ್ಲಿ ಇಬ್ಬರೂ ತೆಲುಗು ಮಾತಾಡುತ್ತೇವೆ, ಜಗಳ ಬಂದರೆ ಮಾತ್ರ ಕನ್ನಡಕ್ಕೆ ಬರುತ್ತೇವೆ. ಅವನ ಹೆಂಡತಿ ಭವಾನಿ, ನನ್ನ ಬಾಯಲ್ಲಿ ವೈನಿ, ಅಂದರೆ ಅತ್ತಿಗೆ, ಹಿತ್ತಲಲ್ಲಿ ಮೂರು ಒಲೆ ಹೂಡಿ ಜೋಳದ ರೊಟ್ಟಿಯ ಕೆಲಸ ನಡೆಸುತ್ತಾಳೆ. ತಟ್ಟಲು ಅವಳ ಜೊತೆಗೆ ಗದಿಗೆಮ್ಮ ಎಂಬ ಮುದುಕಿ, ಮತ್ತೆ ಇನ್ನಿಬ್ಬರು ಹೆಂಗಸರು. ದಿನಕ್ಕೆ ಮುನ್ನೂರು ರೊಟ್ಟಿ. ಅಷ್ಟೂ ಊರಿನ ಇನ್ನೊಂದು ತುದಿಯಲ್ಲಿ, ಮಣಿಕೊಂಡದ ಆಚೆಗಿರುವ ಒಂದು ದೊಡ್ಡ ಆಫೀಸಿನ ಕ್ಯಾಂಟೀನಿಗೆ. ಅಲ್ಲಿ ಬೆಂಗಳೂರು, ಮೈಸೂರು, ಮಂಗಳೂರು ಕಡೆಯವರು ಬಹಳ ಜನ. ಜೋಳದ ರೊಟ್ಟಿ ತಿಂದರೆ ಹೊಟ್ಟೆ ಕರಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದಾರೆ. ನಾನಲ್ಲ.

ಹನ್ನೆರಡೂವರೆಗೆ ರೊಟ್ಟಿ ಅಲ್ಲಿರಬೇಕು. ಬೇರೆ ಗಿರಾಕಿ ಇಲ್ಲ. ಈ ಆರ್ಡರು ಹೋದರೆ ಮೂರೂ ಒಲೆ ಆರುತ್ತವೆ, ನಾಲ್ಕೂ ಹೆಂಗಸರು ಕೈ ತೊಳೆದುಕೊಂಡು ಎದ್ದು ಹೋಗಬೇಕು. ಇದು ಎಲ್ಲರಿಗೂ ಗೊತ್ತಿತ್ತು, ರೊಟ್ಟಿ ಒಯ್ಯುವ ಚಂದ್ರಕಾಂತನ ವ್ಯಾನೊಂದನ್ನು ಬಿಟ್ಟು.

ವ್ಯಾನು ಇಪ್ಪತ್ತೈದು ವರ್ಷದ್ದು. ಕಾರ್ಬೊರೇಟರ್ ಕಾಲದ್ದು. ಎಂಜಿನ್ನು ಮುಂದಿನ ಸೀಟಿನ ಕೆಳಗೆ ಇರುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಡ್ರೈವರನೂ ಅರ್ಧ ಬೆಂದಿರುತ್ತಾನೆ. ಒಮ್ಮೆ ಅದರ ಸೀಟಿನ ಮೇಲೆ ಮರೆತಿಟ್ಟ ಮೊಟ್ಟೆ ಉಪ್ಪಲ್ ದಾಟುವುದರೊಳಗೆ ಮರಿಯಾಗಿ, ತಾರ್ನಾಕಾದಲ್ಲಿ ಕೂಗಿತು ಎಂದು ನಾನು ಹೇಳುತ್ತಿದ್ದೆ. ಜನ ನಗುತ್ತಿದ್ದರು. ಚಂದ್ರಕಾಂತ ಶಾಕಾಹಾರಿ, ಅವನ ವ್ಯಾನಿನಲ್ಲಿ ಮೊಟ್ಟೆ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ.

ಉಗಾದಿಯ ದಿನ ಅವರ ಮನೆಯಲ್ಲೇ ನನ್ನ ಊಟ. ಭವಾನಿ ವೈನಿ ಹೋಳಿಗೆಯ ಜೊತೆಗೆ ದೊಡ್ಡ ಪಾತ್ರೆಯಲ್ಲಿ ತರಕಾರಿ ಅನ್ನವನ್ನು ದಮ್ಮಿಗೆ ಹಾಕಿದ್ದಳು. ಈ ಊರಿಗೆ ಬಂದ ಮೇಲೆ ಕಲಿತ ವಿದ್ಯೆ. ಪಾತ್ರೆಗೆ ಮುಚ್ಚಳ ಇಟ್ಟು ಸುತ್ತಲೂ ಮೈದಾ ಹಿಟ್ಟಿನ ಹುರಿ ಒತ್ತಿ, ಒಂದೆಳೆ ಹಬೆಯೂ ಹೊರಗೆ ಬಾರದಂತೆ ಮಾಡುವುದು. ಅವಳು ಹಾಗೆ ಹೆಬ್ಬೆರಳಿನಿಂದ ಹಿಟ್ಟು ಒತ್ತುತ್ತಿದ್ದಾಗ ನಾನು ಕಟ್ಟೆಯ ಮೇಲೆ ಕೂತು ಬಿಸಿಲಿನ ಸುದ್ದಿ ತೆಗೆದೆ.

“ಬಿಸಲಂದ್ರ ನಮ್ಮ ಕಡೀದು. ನಮ್ಮೂರಾಗ ಒಬ್ಬ ಸಾವಕಾರನ ಜೀಪ್ ಇತ್ತು. ಟ್ಯಾಂಕಿನ ಮುಚ್ಚಳಕ್ಕ ಸಣ್ಣ ತೂತು ಇರ್ತೈತಿ ನೋಡು, ಸೂಜಿ ಮೊನಿಯಷ್ಟು. ಬ್ಯಾಸಗ್ಯಾಗ ಆ ತೂತಿನಿಂದ ಪೆಟ್ರೋಲ್ ಎಲ್ಲಾ ಹಾರಿಹೋತು. ಮುಂಜಾನೆ ತುಂಬಿಸಿದ್ದು, ಮಧ್ಯಾಹ್ನಕ್ಕ ಟ್ಯಾಂಕ್ ಭಣಭಣ.”

“ಹಾರಿ ಎಲ್ಲಿ ಹೋತು?” ಎಂದ ಚಂದ್ರಕಾಂತ.

“ಮ್ಯಾಲ. ಗಿಡದ ಮ್ಯಾಲ ಕಾಗಿ ಕುಂತಿದ್ವು. ಮೂಗಿಗೆ ಬಡೀತು. ಎರಡು ದಿನ ಹಿಂದಮುಂದಾಗಿ ಹಾರಿದ್ವು. ಎಂಟು ದಿನ ಊರಾಗ ಯಾರೂ ಬೀಡಿ ಹಚ್ಚಲಿಲ್ಲ.”

“ನಿನ್ನ ಬಾಯಿಗೊಂದು ಮುಚ್ಚಳ ಬೇಕು ನೋಡೋ ಕಲ್ಲೇಶಾ,” ಎಂದಳು ಗದಿಗೆಮ್ಮ. ಎಲ್ಲರೂ ನಕ್ಕರು. ಭವಾನಿ ವೈನಿ ಮಾತ್ರ ನಗಲಿಲ್ಲ. ಅನ್ನದ ಮೇಲೆ ಧ್ಯಾನವಿರಬೇಕು ಎಂದುಕೊಂಡೆ.

ಮರುವಾರ ಮಂಗಳವಾರ, ಹನ್ನೊಂದೂವರೆಗೆ ಚಂದ್ರಕಾಂತನ ಫೋನು.

“ಕಲ್ಲೇಶಣ್ಣಾ, ಗಾಡಿ ನಿಂತೈತಿ.”

“ಎಲ್ಲಿ?”

“ಬೇಗಂಪೇಟ್ ಫ್ಲೈಓವರ್ ಮ್ಯಾಲ.”

“ಏರೂವಾಗೋ, ಇಳಿಯೂವಾಗೋ?”

“ನಟ್ಟನಡು. ಹಿಂದಿನವರೆಲ್ಲಾ ನಮ್ಮವ್ವನ್ನ ನೆನಸಾಕತ್ತಾರ. ಲಗೂನ ಬಾ.”

ನಾನು ಬೈಕಿನಲ್ಲಿ ಹೋದೆ. ಮೊದಲು ಪದ್ಧತಿಯಂತೆ ಟ್ಯಾಂಕಿನ ಬೀಗ ತೆಗೆದು ಮುಚ್ಚಳ ತಿರುವಿದೆ. ಉಸ್ ಎಂದು ಒಂದು ಸದ್ದು ಬಂತು. ಹಳೆಯ ಗಾಡಿ, ಅದಕ್ಕೂ ಸಾಕಾಗಿ ನಿಟ್ಟುಸಿರು ಬಿಟ್ಟಿತು ಎಂದುಕೊಂಡೆ. ಮೂಸಿದೆ, ತಲೆ ಆಡಿಸಿದೆ, ಮುಚ್ಚಳ ಹಾಕಿದೆ. ಸೀಟು ಎತ್ತಿ ಫಿಲ್ಟರ್ ಬಿಚ್ಚಿ ಬಾಯಿಂದ ಊದಿದೆ. ಚೂರು ಕಸ ಬಂತು. ಚಾವಿ ತಿರುಗಿಸಿದರೆ ಗಾಡಿ ಚಾಲೂ.

“ಕಸ,” ಎಂದೆ.

“ಮೂಸಿದ ಕೂಡಲೇ ನಿನಗ ಗೊತ್ತಾಗಿತ್ತು, ಹೌದಿಲ್ಲೋ?” ಎಂದ ಚಂದ್ರಕಾಂತ.

“ಹೂಂ,” ಎಂದೆ. ಇಪ್ಪತ್ತಾರು ವರ್ಷದ ಹೆಸರು, ಸುಮ್ಮನೆ ಬಿಡಲಾಗುತ್ತದೆಯೇ?

ಗುರುವಾರ ಮತ್ತೆ ಅದೇ ಫ್ಲೈಓವರ್. ಮತ್ತೆ ಹೋದೆ, ಮೂಸಿದೆ, ಹೊಸ ಫಿಲ್ಟರ್ ಹಾಕಿದೆ, ಚಾಲೂ ಆಯಿತು. ಶನಿವಾರ ಮತ್ತೆ. ಈ ಸಲ ಪಂಪು ಬಿಚ್ಚಿ ಒಳಗಿನ ರಬ್ಬರ್ ಪರದೆಯನ್ನು ಬದಲಿಸಿದೆ. ಪೆಟ್ರೋಲನ್ನು ಟ್ಯಾಂಕಿನಿಂದ ಎಳೆದು ಕಾರ್ಬೊರೇಟರಿಗೆ ದೂಡುವುದು ಆ ಪರದೆಯೇ. ಹಳೆಯದು ತೆಳ್ಳಗಾಗಿತ್ತು. “ಇದ ನೋಡು ಕಳ್ಳ,” ಎಂದು ಅದನ್ನು ಚಂದ್ರಕಾಂತನ ಕೈಗೆ ಕೊಟ್ಟೆ. ಅವನು ಅದನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿದ. ಸೋಮವಾರ ಗಾಡಿ ಮತ್ತೆ ನಿಂತಿತು.

ನನ್ನ ಶೆಡ್ಡಿನಲ್ಲಿ ಮಾತ್ರ ಅದು ಒಮ್ಮೆಯೂ ನಿಲ್ಲಲಿಲ್ಲ. ಮೂಸಿ ನೋಡಿ ಚಾಲೂ ಮಾಡಿ ಒಂದು ಗಂಟೆ ಬಿಟ್ಟರೂ ಗೊಣಗುಟ್ಟುತ್ತ ಕೂತಿರುತ್ತಿತ್ತು. ನಾಚಾರಂನಿಂದ ಹೊರಟು ಮುಕ್ಕಾಲು ಗಂಟೆ ಓಡಿದರೆ ಮಾತ್ರ, ಬೇಗಂಪೇಟೆಯಲ್ಲಿ ಯಾರೋ ಕುತ್ತಿಗೆ ಹಿಚುಕಿದಂತೆ ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಒಂದು ದಿನ ಚಂದ್ರಕಾಂತ ಬೇಗಂಪೇಟೆಯ ಬಂಕಿನಲ್ಲೇ ಪೆಟ್ರೋಲ್ ಹಾಕಿಸಿದ. ಅವತ್ತು ಮಣಿಕೊಂಡದವರೆಗೆ ಹಾಯಾಗಿ ಹೋಯಿತು.

“ನಮ್ಮ ಕಡೀ ಪೆಟ್ರೋಲ ಕೆಟ್ಟೈತಿ,” ಎಂದು ನಾನು ತೀರ್ಪು ಕೊಟ್ಟೆ.

ಅವನು ಮರುದಿನ ಬೇರೆ ಬಂಕಿನಲ್ಲಿ, ಇರಲಿ ಎಂದು ಟ್ಯಾಂಕಿನ ಕಂಠದವರೆಗೆ ತುಂಬಿಸಿದ. ಗಾಡಿ ಬೇಗಂಪೇಟೆಯನ್ನೂ ಮುಟ್ಟಲಿಲ್ಲ. ತಾರ್ನಾಕಾದಲ್ಲೇ ನಿಂತಿತು. ತುಂಬಿಸಿದಷ್ಟೂ ಬೇಗ ಹಸಿಯುವ ಹೊಟ್ಟೆಯನ್ನು ನಾನು ಮನುಷ್ಯರಲ್ಲಿ ಕಂಡಿದ್ದೆ, ಗಾಡಿಯಲ್ಲಿ ಕಂಡಿರಲಿಲ್ಲ.

ಕೊನೆಗೆ ಟ್ಯಾಂಕನ್ನೇ ಇಳಿಸಿದೆವು. ಒಳಗೆ ಒಂದು ಹಿಡಿ ಸಣ್ಣ ಜಲ್ಲಿ ಹಾಕಿ, ಡೀಸೆಲ್ ಸುರಿದು, ನಾನೂ ಚಂದ್ರಕಾಂತನೂ ಆಚೀಚೆ ಹಿಡಿದು ತೊಟ್ಟಿಲ ತೂಗಿದಂತೆ ತೂಗಿದೆವು. ತುಕ್ಕು ಬಂತು, ಮಣ್ಣು ಬಂತು, ಒಂದು ಸತ್ತ ಇರುವೆಯೂ ಬಂತು. ಪೈಪುಗಳಿಗೆ ಗಾಳಿ ಹೊಡೆದೆ. ತೊಳೆಯಬಹುದಾದದ್ದನ್ನೆಲ್ಲ ತೊಳೆದೆ. ಮುಚ್ಚಳ ಕಳೆಯಬಾರದೆಂದು ಅದೊಂದನ್ನು ಕಿಟಕಿಯ ಮೇಲೆ ಜೋಪಾನವಾಗಿ ಎತ್ತಿಟ್ಟಿದ್ದೆ.

ಅಷ್ಟರಲ್ಲಿ ಕ್ಯಾಂಟೀನಿಗೆ ಐದು ಸಲ ತಡವಾಗಿತ್ತು. ಕ್ಯಾಂಟೀನ್ ನೋಡಿಕೊಳ್ಳುವ ವಿಶ್ವಜಿತ್ ಮೈಸೂರಿನವನು. ಬೈಯುವುದಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಚಂದ್ರಕಾಂತ ಫೋನನ್ನು ಸ್ಪೀಕರಿಗೆ ಹಾಕಿದಾಗ ನಾನೂ ಕೇಳಿಸಿಕೊಂಡೆ.

“ಚಂದ್ರಕಾಂತ್ ಅವ್ರೇ, ಒಂದು ಗಂಟೆಗೆ ರೊಟ್ಟಿ ಬಂದ್ರೆ ಯಾರಿಗೆ ಬಡಿಸ್ಲಿ ಹೇಳಿ? ಎಲ್ಲಾ ತಿಂದು ಮೇಲಕ್ಕೆ ಹೋಗಿರ್ತಾರೆ. ನಮ್ಮ ಮೇಲಿನವ್ರು ಮಿಷಿನ್ ರೊಟ್ಟಿ ಪ್ಯಾಕೆಟ್ ಸ್ಯಾಂಪಲ್ ತರ್ಸಿಟ್ಟಿದ್ದಾರೆ. ಶುಕ್ರವಾರ ಒಂದು ದಿನ ನೋಡ್ತೀನಿ. ಅವತ್ತೂ ಲೇಟಾದ್ರೆ ನನ್ನ ಕೈಲಿಲ್ಲ.”

“ಆಗಂಗಿಲ್ರಿ ಸರ. ಮೆಕ್ಯಾನಿಕ್‌ನ ಕೂಡ್ರಿಸ್ಕೊಂಡ ಬರ್ತೀನಿ,” ಎಂದ ಚಂದ್ರಕಾಂತ.

ಶುಕ್ರವಾರ ಹತ್ತೂವರೆಗೇ ಹೊರಟೆವು. ಹಿಂದೆ ಬಟ್ಟೆ ಹೊದಿಸಿದ ಮೂರು ದೊಡ್ಡ ಬುಟ್ಟಿ. ಗದಿಗೆಮ್ಮ ಬಾಗಿಲಲ್ಲಿ ನಿಂತು ವ್ಯಾನಿನ ಮೂತಿಗೆ ವಿಭೂತಿ ಹಚ್ಚಿದಳು. ನನ್ನ ಹಣೆಗೂ ಹಚ್ಚಿದಳು. ಅವಳಿಗೆ ಇಬ್ಬರ ಮೇಲೂ ಅನುಮಾನವಿತ್ತು.

ಭವಾನಿ ವೈನಿ ಕಿಟಕಿಯ ಹತ್ತಿರ ಬಂದು, “ಕಲ್ಲೇಶಣ್ಣಾರ, ಇವತ್ತ ನಿಮ್ಮ ಕೈಯಾಗ ಐತ್ರಿ,” ಎಂದಳು.

“ಚಿಂತಿ ಬಿಡ್ರಿ ವೈನಿ. ನಾ ಕುಂತೇನಿ ಅಂದ್ರ ಗಾಡಿಗೂ ಅಂಜಿಕಿ ಇರ್ತೈತಿ.”

ಗಾಡಿಗೆ ಅಂಜಿಕೆ ಇರಲಿಲ್ಲ. ಹನ್ನೊಂದೂ ಇಪ್ಪತ್ತಕ್ಕೆ ಅದೇ ಫ್ಲೈಓವರ್ ಮೇಲೆ, ಹೆಚ್ಚು ಕಡಿಮೆ ಅದೇ ದೀಪದ ಕಂಬದ ಹತ್ತಿರ ಎರಡು ಸಲ ಕೆಮ್ಮಿ ನಿಂತಿತು.

“ಮುಚ್ಚಳದ ಬೀಗದ ಕೈ ತಾ,” ಎಂದೆ.

ಚಂದ್ರಕಾಂತ ಗೊಂಚಲು ನೋಡಿದ, ಜೇಬು ನೋಡಿದ, ಕಾಲಬುಡ ನೋಡಿದ. “ಅಣ್ಣಾ, ನಿನ್ನೆ ಸಂಜೀಕ ಪೆಟ್ರೋಲ್ ಹಾಕಿಸಿ ಆ ಕೈ ಗ್ವಾಡಿ ಮೊಳಿಗೆ ಹಾಕೀನಿ. ಅಲ್ಲೇ ಉಳೀತು.”

“ಇರಲಿ ಬಿಡು.” ಮೂಸುವುದರಿಂದ ಏನೂ ಆಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಅಷ್ಟರಲ್ಲಿ ಖಾಲಿ ಆಟೋ ಒಂದು ಪಕ್ಕದಲ್ಲಿ ನಿಂತಿತು. ದೊಡ್ಡ ಆಟೋ, ಮೂರೂ ಬುಟ್ಟಿ ಹಿಡಿಸುತ್ತಿದ್ದವು. ಚಂದ್ರಕಾಂತ ಆಟೋ ನೋಡಿದ, ನನ್ನನ್ನು ನೋಡಿದ.

“ಬುಟ್ಟಿ ಇದರಾಗ ಹಾಕೂನೇನಣ್ಣಾ?”

“ಐದು ನಿಮಿಷದ ಕೆಲಸ,” ಎಂದೆ.

ಅವನು ಆಟೋದವನಿಗೆ ಕೈ ಬೀಸಿ ಹೋಗು ಎಂದ.

ಫಿಲ್ಟರ್ ಹೊಸದು, ಪಂಪಿನ ಪರದೆ ಹೊಸದು, ಟ್ಯಾಂಕು ತೊಳೆದದ್ದು. ಹಾಗಾದರೆ ಉಳಿದದ್ದು ಕಾರ್ಬೊರೇಟರ್ ಒಂದೇ. ಸೀಟು ಎತ್ತಿ ಅದನ್ನು ಬಿಚ್ಚಿದೆ. ಒಳಗೆ ಒಂದು ಹನಿ ಪೆಟ್ರೋಲ್ ಇಲ್ಲ. ತೂತುಗಳನ್ನೆಲ್ಲ ತಂತಿ ಹಾಕಿ ತೆಗೆದೆ, ಊದಿದೆ, ಮತ್ತೆ ಕೂಡಿಸಿದೆ. ಚಂದ್ರಕಾಂತ ಚಾವಿ ತಿರುಗಿಸಿದ. ಕಿರ್ ಕಿರ್ ಎಂದಿತು, ಅಷ್ಟೇ. ಟ್ರಾಫಿಕ್ ಪೊಲೀಸ್ ಬಂದ, ತೆಲುಗಿನಲ್ಲಿ ಬೈದ, ಬಟ್ಟೆ ಸರಿಸಿ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಹತ್ತು ನಿಮಿಷ ಕೊಟ್ಟು ಹೋದ. ಮತ್ತೆ ಬಿಚ್ಚಿದೆ. ಮತ್ತೆ ಒಣಗಿತ್ತು. ಪ್ಲಗ್ ತೆಗೆದು ಒರೆಸಿದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಕೈ ಸುಮ್ಮನಿರಬಾರದು ಎಂದು ಒರೆಸಿದೆ. ಹನ್ನೆರಡಾಯಿತು. ಹನ್ನೆರಡೂ ಕಾಲಾಯಿತು. ಹತ್ತು ದಿನ ನನ್ನ ಕೈ ಮುಟ್ಟಿದ ಕೂಡಲೇ ಎದ್ದು ಕೂತ ಗಾಡಿ ಇವತ್ತು ಗುರುತೇ ಹಿಡಿಯುತ್ತಿರಲಿಲ್ಲ.

ಚಂದ್ರಕಾಂತ ರೊಟ್ಟಿಯ ಬುಟ್ಟಿಯ ಮೇಲೆ ಬಿಸಿಲು ಬೀಳದಂತೆ ಬಟ್ಟೆ ಸರಿಮಾಡುತ್ತಿದ್ದ. ಮತ್ತೊಂದು ಆಟೋ ಹಿಡಿಯಲು ನೋಡಿದ. ಆ ಹೊತ್ತಿಗೆ ಬಂದವೆಲ್ಲ ತುಂಬಿಯೇ ಬಂದವು.

ಹನ್ನೆರಡೂವರೆಗೆ ನಾನು ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನ ಹತ್ತಿರ ಕಿತ್ತೆ. ಕಸ ಹೋಗದಿರಲಿ ಎಂದು ಅದರ ಬಾಯಿಗೆ ಹೆಬ್ಬೆರಳು ಇಟ್ಟೆ. ಪೈಪು ನನ್ನ ಬೆರಳನ್ನು ಎಳೆದುಕೊಂಡಿತು.

ಕರು ಚೀಪಿದಂತೆ ಎಳೆಯಿತು. ಪೆಟ್ರೋಲ್ ಕೊಡಬೇಕಾದ ಪೈಪು ಗಾಳಿ ಬೇಡುತ್ತಿತ್ತು. ನಾನು ಹಾಗೇ ಬಗ್ಗಿ ನಿಂತೆ, ಬೆರಳು ಅಲ್ಲೇ. ಕೊಡದಿಂದ ನೀರು ಸುರಿಯಬೇಕಾದರೆ ಒಳಗೆ ಗಾಳಿ ಹೋಗಬೇಕು. ಈ ಟ್ಯಾಂಕಿಗೆ ಗಾಳಿ ಹೋಗುತ್ತಿಲ್ಲ. ಓಡಿದಂತೆಲ್ಲ ಪೆಟ್ರೋಲ್ ಖಾಲಿಯಾಗಿ, ಆ ಜಾಗಕ್ಕೆ ಗಾಳಿ ಬಾರದೆ, ಟ್ಯಾಂಕೇ ಪೆಟ್ರೋಲನ್ನು ಬಿಗಿಹಿಡಿದುಕೊಂಡಿದೆ. ತುಂಬಿಸಿದಷ್ಟೂ ಒಳಗಿನ ಗಾಳಿ ಕಡಿಮೆ, ಅಷ್ಟೂ ಬೇಗ ಬಿಗಿ. ಬಂಕಿನಲ್ಲಿ ಮುಚ್ಚಳ ತೆಗೆದ ದಿನ ಅದು ಹಾಯಾಗಿ ಓಡಿತ್ತು. ನಾನು ಮೂಸಲು ಮುಚ್ಚಳ ತೆಗೆದಾಗಲೆಲ್ಲ ಅದು ಬಿಟ್ಟದ್ದು ನಿಟ್ಟುಸಿರಲ್ಲ, ಎಳೆದುಕೊಂಡ ಉಸಿರು. ಹತ್ತು ದಿನ ಗಾಡಿಯನ್ನು ಎಬ್ಬಿಸಿದ್ದು ನನ್ನ ಫಿಲ್ಟರಲ್ಲ, ಪರದೆಯಲ್ಲ, ಟ್ಯಾಂಕು ತೂಗಿದ್ದಲ್ಲ. ನನ್ನ ಮೂಗು.

ದೊಡ್ಡ ಸ್ಕ್ರೂಡ್ರೈವರ್ ಹಾಕಿ ಮುಚ್ಚಳದ ಬೀಗ ಮುರಿದೆ. ಪೈಪಿನಿಂದ ಬೆರಳು ತೆಗೆದಾಗಲೇ ಒಂದಿಷ್ಟು ಗಾಳಿ ಹೋಗಿತ್ತು, ಆದರೂ ಉಳಿದದ್ದು ಉಸ್ ಎಂದಿತು. ಮುಚ್ಚಳವನ್ನು ತಿರುವಿ ನೋಡಿದೆ. ಒಳಮೈಯಲ್ಲಿ ತೂತಿರಬೇಕಾದ ಕಡೆ ಕಡಲೆಕಾಳಿನಷ್ಟು ಒಂದು ಗಂಟು. ಹೊಗೆ ಬಣ್ಣಕ್ಕೆ ತಿರುಗಿ, ಕಲ್ಲಾಗಿ, ಮುಚ್ಚಳದ ಜೊತೆಗೇ ಹುಟ್ಟಿದಂತಿತ್ತು. ಉಗುರು ಹಾಕಿದೆ. ಎದ್ದು ಬಂತು. ಮೈದಾ ಹಿಟ್ಟು. ಅದರ ಮೇಲೆ ಒತ್ತಿದ ಹೆಬ್ಬೆರಳಿನ ಗೆರೆಗಳು, ಎಣಿಸುವಷ್ಟು ಸ್ಪಷ್ಟ.

ಉಗಾದಿಯ ದಿನ ಕಾಗೆಗಳ ಕತೆಗೆ ನಗದಿದ್ದವಳು ಒಬ್ಬಳೇ.

ಗಾಡಿ ಮೊದಲ ತಿರುವಿಗೇ ಚಾಲೂ ಆಯಿತು. ಹಿಟ್ಟಿನ ಗಂಟನ್ನು ನಾನು ಅಂಗಿಯ ಜೇಬಿಗೆ ಹಾಕಿಕೊಂಡೆ.

“ಏನಿತ್ತಣ್ಣಾ?” ಎಂದ ಚಂದ್ರಕಾಂತ.

“ಮೊದಲ ಹೊಡಿ ಗಾಡಿ.”

ಪಂಜಗುಟ್ಟ ದಾಟಿದ ಮೇಲೆ ಮತ್ತೆ ಕೇಳಿದ.

“ಪಂಪಿನ ಪರದಿ,” ಎಂದೆ.

“ಅದನ್ನ ಹೋದ ವಾರ ಹೊಸಾದು ಹಾಕಿದ್ದಿ?”

“ಹೊಸಾದ ಹರೀತು. ಈಗಿನ ಮಾಲ್ ಹಂಗ.”

ಒಂದೂ ಇಪ್ಪತ್ತಕ್ಕೆ ಮುಟ್ಟಿದೆವು. ವಿಶ್ವಜಿತ್ ಹಿಂಬಾಗಿಲಲ್ಲಿ ನಿಂತಿದ್ದ. ಒಳಗೆ ಸ್ಟೀಲ್ ತಟ್ಟೆಗಳಲ್ಲಿ ಮಿಷಿನ್ ರೊಟ್ಟಿಯ ಪ್ಯಾಕೆಟ್‌ಗಳು ಅರ್ಧ ಖಾಲಿಯಾಗಿದ್ದವು. ಎಲ್ಲ ಒಂದೇ ಅಳತೆ, ಎಲ್ಲ ಒಂದೇ ಗುಂಡಗೆ, ನಾಣ್ಯಗಳ ಹಾಗೆ.

“ಸಾರಿ ಚಂದ್ರಕಾಂತ್ ಅವ್ರೇ,” ಎಂದ ವಿಶ್ವಜಿತ್. “ನಾಳೆಯಿಂದ ಬೇಡ. ಅದನ್ನ ತಿಂದವ್ರು ಯಾರೂ ಏನೂ ಅನ್ಲಿಲ್ಲ. ಯಾರಾದ್ರೂ ಒಬ್ರು ಚೆನ್ನಾಗಿಲ್ಲ ಅಂದಿದ್ರೂ ನಾನು ಮೇಲೆ ಮಾತಾಡ್ತಿದ್ದೆ.” ಬುಟ್ಟಿಯಿಂದ ನಾಲ್ಕು ರೊಟ್ಟಿ ತೆಗೆದುಕೊಂಡ. “ಇದು ನನ್ನ ಮನೆಗೆ.”

“ಇನ್ನೂ ತಗೋರಿ ಸರ,” ಎಂದ ಚಂದ್ರಕಾಂತ.

“ನಾವು ಇಬ್ರೇ ಇರೋದು.”

ಹಿಂದಿರುಗುವಾಗ ವ್ಯಾನು ಎಲ್ಲೂ ನಿಲ್ಲಲಿಲ್ಲ. ಬೇಗಂಪೇಟೆ ಫ್ಲೈಓವರ್ ಏರಿ ಇಳಿದದ್ದು ಗೊತ್ತಾಗಲೇ ಇಲ್ಲ. ಇಪ್ಪತ್ತೈದು ವರ್ಷದಲ್ಲಿ ಅಷ್ಟು ಚೆಂದ ಅದು ಎಂದೂ ಓಡಿರಲಿಲ್ಲ. ತಾರ್ನಾಕಾದಲ್ಲಿ ಒಂದು ಬಿಳಿ ಕಾರನ್ನು ಹಿಂದೆ ಹಾಕಿತು. ಹಿಂದೆ ಮುನ್ನೂರಕ್ಕೆ ಐದು ಕಡಿಮೆ ರೊಟ್ಟಿ. ಜೋಳದ ರೊಟ್ಟಿ ಒಣಗುತ್ತದೆ, ಕೆಡುವುದಿಲ್ಲ. ಕೆಡುವಂಥದ್ದಾಗಿದ್ದರೆ ಎಸೆದು ಮರೆಯಬಹುದಿತ್ತು.

“ಒಮ್ಮೆನೂ ನಿಂದರಲಿಲ್ಲ ನೋಡಣ್ಣಾ,” ಎಂದ ಚಂದ್ರಕಾಂತ, ಮನೆಯ ಮುಂದೆ ಇಳಿಯುತ್ತ. ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಹೇಳಿಬಿಡುತ್ತಿದ್ದೆ.

ಸಂಜೆ ಹಿತ್ತಲಲ್ಲಿ ಯಾರೂ ಅಳಲಿಲ್ಲ. ಗದಿಗೆಮ್ಮ ತನ್ನ ಪಾಲಿನ ರೊಟ್ಟಿ ಸೆರಗಿಗೆ ಕಟ್ಟಿಕೊಂಡು, “ಗಾಡಿ ಮ್ಯಾಲ ಸಿಟ್ಟಾಗಬ್ಯಾಡವಾ, ಅದಕ್ಕರ ಎಷ್ಟು ವಯಸ್ಸು,” ಎಂದು ಭವಾನಿಯ ಬೆನ್ನು ಸವರಿ ಹೋದಳು.

ನಾನು ರಾತ್ರಿಯೆಲ್ಲ ಯೋಚಿಸಿದೆ ಎಂದು ಹೇಳಿದರೆ ಅದೂ ಸುಳ್ಳು. ನಿದ್ದೆ ಮಾಡಿದೆ. ಆದರೆ ಮಲಗುವ ಮೊದಲು ಲೆಕ್ಕ ಹಾಕಿದ್ದೆ. ನಿಜ ಹೇಳಿದರೆ ವೈನಿಯ ಹೆಬ್ಬೆರಳೇ ಮೂರು ಒಲೆ ಆರಿಸಿತು ಎಂದಾಗುತ್ತದೆ. ಇನ್ನೂ ಪೂರ್ತಿ ಹೇಳಿದರೆ ಅದು ನನ್ನ ಬಾಯಿಯವರೆಗೆ ಬರುತ್ತದೆ. ಪೂರ್ತಿ ಹೇಳುವ ಧೈರ್ಯವಿಲ್ಲದವನು ಅರ್ಧ ಹೇಳಬಾರದು ಎಂದುಕೊಂಡೆ. ಹೀಗೆ ನನಗೆ ಅನುಕೂಲವಾದದ್ದೇ ಧರ್ಮವೂ ಆಗಿ ಕಂಡಿತು.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಮುಚ್ಚಳಕ್ಕೆ ಹೊಸ ಬೀಗ ಹಿಡಿದು ಹೋದೆ. ಒಲೆಗಳ ಬೂದಿ ಬಳಿದಾಗಿತ್ತು. ಚಂದ್ರಕಾಂತ ಕೆಲಸ ಕೇಳಲು ಬಕೆಟ್ ಕಾರ್ಖಾನೆಗೆ ಹೋಗಿದ್ದ. ವ್ಯಾನು ಬೇವಿನ ಗಿಡದ ಕೆಳಗೆ ನಿಂತಿತ್ತು. ಅದರ ಪಕ್ಕದಲ್ಲಿ ಭವಾನಿ ವೈನಿ. ಒಂದು ಕೈಯಲ್ಲಿ ಟ್ಯಾಂಕಿನ ಮುಚ್ಚಳ, ಇನ್ನೊಂದರಲ್ಲಿ ಸಣ್ಣ ಬಟ್ಟಲು.

“ಬರ್ರಿ ಕಲ್ಲೇಶಣ್ಣಾರ,” ಎಂದಳು. “ಇದರಾಗಿನ ಹಿಟ್ಟು ಬಿದ್ದಹೋಗೈತಿ ನೋಡ್ರಿ. ನೀವು ಆ ಜೀಪಿಂದು ಹೇಳಿದ ದಿನಾನ ಹಚ್ಚಿದ್ದೆ. ಇವರಿಗೆ ಹೇಳಿರಲಿಲ್ಲ, ನಗ್ತಾರಂತ.”

ನನ್ನ ಜೇಬಿನಲ್ಲಿ ಆ ಗಂಟು ಇನ್ನೂ ಇತ್ತು. ಅಂಗಿ ಬದಲಿಸಿರಲಿಲ್ಲ.

“ಗಾಡಿ ಓಡೂವಾಗರ ನಡೀತಿತ್ತು. ಇನ್ನ ಎಷ್ಟ ದಿನ ನಿಂದರತೈತೋ ಏನೋ. ನಿಂತ ಗಾಡ್ಯಾಗಿನ ಪೆಟ್ರೋಲ ಸುಮ್ಮನ ಹಾರಿಹೋಗಬಾರದಲ್ಲರಿ?”

“ಹೌದ್ರಿ,” ಎಂದೆ.

“ಈ ಸಲ ಹಿಟ್ಟು ಗಟ್ಟಿ ಕಲಸೇನಿ. ಹಚ್ಚಲೇನು?”

ಬೇವಿನ ಗಿಡದಲ್ಲಿ ಒಂದು ಕಾಗೆ ಕೂತಿತ್ತು. ನೆಟ್ಟಗೇ ಕೂತಿತ್ತು.

“ಹಚ್ಚರಿ ವೈನಿ,” ಎಂದೆ. ಮುಚ್ಚಳ ಅಲುಗಾಡುತ್ತಿತ್ತು. ಅವಳು ಹೆಬ್ಬೆರಳಿನಿಂದ ಹಿಟ್ಟು ಒತ್ತುವಾಗ ಎರಡೂ ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.